ರಾವೆನ್ನದ ಹರಳುಗೆಲಸವೂ ಕ್ಲಿಮ್ಟನ ಏಕಾಂತವೂ

ಯೂರೋಪಿನ ಚಿತ್ರಕಲೆಯ ಚರಿತ್ರೆಗಳಲ್ಲಿ ವಿಯೆನ್ನಾ ನಗರದ ಗುಸ್ತಾಫ್ ಕ್ಲಿಮ್ಟ್ ಎಂಬ ಚಿತ್ರಕಾರನ ಹೆಸರು ಬಂದಲ್ಲೆಲ್ಲ ಒಂದು ಮಾತು ತಪ್ಪದೆ ಬರುತ್ತದೆ. ಅದೆಂತೆಂದರೆ, 1903ರಲ್ಲಿ ಅವನು ಇಟಲಿಯ ರಾವೆನ್ನ ಪಟ್ಟಣಕ್ಕೆ ಹೋಗಿ ಅಲ್ಲಿಯ ಪ್ರಾಚೀನ ದೇವಾಲಯಗಳ ಗೋಡೆಗಳಲ್ಲಿ ಹರಳುಗಳಿಂದ ರಚಿತವಾದ ಹೊಂಬಣ್ಣದ ಚಿತ್ರಗಳನ್ನು ಕಂಡನು. ಆ ದರ್ಶನಮಾತ್ರದಿಂದ ಅವನಿಗೆ ಸ್ಫೂರ್ತಿಯುಂಟಾಗಿ, ಅಂದಿನಿಂದ ಅವನ ಚಿತ್ರಗಳಲ್ಲಿ ಚಿನ್ನವು ಹರಿಯತೊಡಗಿತು ಎಂಬುದು. ಮಾತು ಕೇಳುವುದಕ್ಕೆ ಸೊಗಸಾಗಿದೆ. ಮಿಂಚು ಹೊಡೆದಂತೆ ಪ್ರತಿಭೆ ಮೂಡುವುದೆಂಬ ಕಥೆಯನ್ನು ಲೋಕವು ಎಂದಿಗೂ ಬೇಡವೆನ್ನುವುದಿಲ್ಲ. ಆದರೆ ಕಾಲಾನುಕ್ರಮವನ್ನು ಮುಂದಿಟ್ಟುಕೊಂಡು ಪರೀಕ್ಷಿಸಿದರೆ ಈ ಮಾತು ಅರ್ಧ ಮಾತ್ರ ನಿಲ್ಲುತ್ತದೆ. ಉಳಿದರ್ಧದಲ್ಲಿ ಅವನ ತಂದೆಯ ಕಸುಬು, ವಿಯೆನ್ನಾದ ವಿದ್ವಾಂಸರ ಒಂದು ವಿವಾದ, ಒಂದು ಸರೋವರದ ದಡದ ಬೇಸಗೆಗಳು, ಮತ್ತು ಹೆಸರು ಹೊರಗೆ ಬಾರದ ಹಲವು ಕುಶಲಕರ್ಮಿಗಳ ಕೈಗಳು ಸೇರಿಕೊಂಡಿವೆ. ಅವುಗಳನ್ನು ಅವುಗಳ ಸ್ಥಾನದಲ್ಲಿರಿಸಿ ನೋಡುವುದು ಈ ಲೇಖನದ ಉದ್ದೇಶ.

ಮೊದಲು ಶಬ್ದದ ವಿಚಾರ. ಮೊಸಾಯಿಕ್ ಎಂದು ಆ ದೇಶಗಳಲ್ಲಿ ಕರೆಯುವ ಕೆಲಸಕ್ಕೆ ಕನ್ನಡದಲ್ಲಿ ನಿಂತ ಹೆಸರಿಲ್ಲ. ಸಂಸ್ಕೃತ ಕಾವ್ಯಗಳ ಮಣಿಕುಟ್ಟಿಮವನ್ನು ಕೆಲವರು ಸೂಚಿಸುವುದುಂಟು. ಆದರೆ ಕುಟ್ಟಿಮವೆಂಬುದು ಕಲ್ಲು ಹಾಸಿದ ನೆಲ, ಕಾಲಿಡುವ ಜಾಗ. ರಾವೆನ್ನದ ಕೆಲಸವೋ ಗೋಡೆಯನ್ನೂ ಕಮಾನನ್ನೂ ಗುಮ್ಮಟದ ಒಳಮೈಯನ್ನೂ ಆವರಿಸಿದ್ದು, ತಲೆಯೆತ್ತಿ ನೋಡತಕ್ಕದ್ದು. ಆದಕಾರಣ ಇಲ್ಲಿ ಅದನ್ನು ಹರಳುಗೆಲಸವೆಂದೇ ಕರೆದಿದೆ. ಬೆರಳ ತುದಿಯಲ್ಲಿ ನಿಲ್ಲುವಷ್ಟು ಸಣ್ಣ ಕಲ್ಲಿನ ಅಥವಾ ಬಣ್ಣದ ಗಾಜಿನ ತುಂಡೇ ಇಲ್ಲಿ ಹರಳು.

ರಾವೆನ್ನವು ಆಡ್ರಿಯಾಟಿಕ್ ಸಮುದ್ರದ ಕಡೆಯ ಜೌಗು ನೆಲದ ಊರು. ಶತ್ರುಗಳಿಗೆ ಸುಲಭವಾಗಿ ದೊರೆಯದ ಸ್ಥಳವೆಂಬ ಕಾರಣದಿಂದಲೇ ಹೊನೋರಿಯಸ್ ಚಕ್ರವರ್ತಿಯು 402ರಲ್ಲಿ ಪಶ್ಚಿಮ ರೋಮನ್ ಸಾಮ್ರಾಜ್ಯದ ರಾಜಧಾನಿಯನ್ನು ಅಲ್ಲಿಗೆ ತಂದನು. ಮುಂದೆ 493ರಲ್ಲಿ ಗಾಥರ ದೊರೆ ಥಿಯೋಡೊರಿಕನೂ, 540ರಲ್ಲಿ ಜಸ್ಟಿನಿಯನ್ ಚಕ್ರವರ್ತಿಯ ಸೇನಾನಿ ಬೆಲಿಸೇರಿಯಸನೂ ಅದನ್ನು ವಶಪಡಿಸಿಕೊಂಡರು. 751ರಲ್ಲಿ ಅದು ಲೊಂಬಾರ್ಡರ ಪಾಲಾಯಿತು. ಅಲ್ಲಿಂದ ಮೇಲೆ ರಾಜ್ಯಗಳ ಗದ್ದಲವು ಊರನ್ನು ಬಿಟ್ಟು ಬೇರೆಡೆಗೆ ಸರಿಯಿತು. ಸಮುದ್ರವೂ ದೂರ ಸರಿಯಿತು. ಹಳೆಯ ಗೋಡೆಗಳು ಉಳಿದುದಕ್ಕೆ ಈ ಮರವೆಯೂ ಒಂದು ಕಾರಣ. ಸ್ವದೇಶದಿಂದ ಹೊರಗಾದ ದಾಂತೆ ಮಹಾಕವಿಯು ಆಶ್ರಯ ಪಡೆದು 1321ರಲ್ಲಿ ದೇಹ ಬಿಟ್ಟದ್ದು ಇದೇ ಊರಿನಲ್ಲಿ. ಇಂಗ್ಲಿಷ್ ಕವಿ ಬೈರನನು 1819ರಿಂದ 1821ರ ವರೆಗೆ ಇಲ್ಲಿ ವಾಸಮಾಡಿದನು. ಗದ್ದಲದಿಂದ ದೂರವಾಗಿ ಕುಳಿತು ಬರೆಯತಕ್ಕವರಿಗೆ ಊರು ಹೀಗೆ ಒಗ್ಗಿದ್ದಿತು.

ಅಲ್ಲಿಯ ಕಟ್ಟಡಗಳಲ್ಲಿ ಐದನೆಯ ಶತಮಾನದ ಗಾಲಾ ಪ್ಲಾಸಿಡಿಯಾಳ ಹೆಸರಿನ ಸಮಾಧಿಮಂದಿರವು ಹೊರಗಿನಿಂದ ನೋಡಿದರೆ ಇಟ್ಟಿಗೆಯ ಚಿಕ್ಕ ಗೂಡು. ಒಳಗೆ ಕಡುನೀಲಿಯ ಆಕಾಶ, ಅದರ ತುಂಬ ಹೊನ್ನಿನ ನಕ್ಷತ್ರಗಳು. 547ರ ಸುಮಾರಿಗೆ ಪ್ರತಿಷ್ಠಿತವಾದ ಸಾನ್ ವಿತಾಲೆಯಲ್ಲಿ ಗರ್ಭಾಂಕಣದ ಒಂದು ಪಕ್ಕದ ಗೋಡೆಯಲ್ಲಿ ಜಸ್ಟಿನಿಯನನೂ ಇದಿರು ಗೋಡೆಯಲ್ಲಿ ಅವನ ರಾಣಿ ಥಿಯೋಡೋರಳೂ ಸಪರಿವಾರರಾಗಿ ನಿಂತಿದ್ದಾರೆ. ಇಬ್ಬರೂ ರಾವೆನ್ನಕ್ಕೆ ಬಂದವರಲ್ಲ. ರಾಣಿಯ ಕೊರಳಿನ ಆಭರಣಗಳಲ್ಲಿ ಗಾಜಿನೊಡನೆ ಮುತ್ತಿನ ಚಿಪ್ಪಿನ ತುಂಡುಗಳೂ ಇವೆ; ನಿಲುವಂಗಿಯ ಅಂಚಿನಲ್ಲಿ ಕಾಣಿಕೆ ಹೊತ್ತ ಮೂವರು ಜ್ಞಾನಿಗಳ ಆಕೃತಿಗಳನ್ನು ನೆಯ್ದಂತೆ ಕೂಡಿಸಿದೆ. ಈ ಎರಡು ಚಿತ್ರಗಳಲ್ಲಿ ಹೆಸರು ಬರೆಯಲ್ಪಟ್ಟಿರುವುದು ಆರ್ಚ್‌ಬಿಷಪ್ ಮ್ಯಾಕ್ಸಿಮಿಯನ್ ಒಬ್ಬನಿಗೆ ಮಾತ್ರ. ಚಕ್ರವರ್ತಿಗೆ ಹೆಸರಿನ ಅಗತ್ಯವಿರಲಿಲ್ಲ; ಹರಳು ಕೂಡಿಸಿದವರ ಹೆಸರನ್ನು ಯಾರೂ ಕೇಳಲಿಲ್ಲ. ಹಣ ಕೊಟ್ಟವನ ಹೆಸರಾದರೋ ಉಳಿದಿದೆ. ಜೂಲಿಯನ್ ಅರ್ಜೆಂಟೇರಿಯಸ್ ಎಂಬ ಸಾಹುಕಾರನು ಈ ದೇವಾಲಯಕ್ಕಾಗಿ 26,000 ಚಿನ್ನದ ನಾಣ್ಯಗಳನ್ನು ವೆಚ್ಚಮಾಡಿದನೆಂದು ಒಂಬತ್ತನೆಯ ಶತಮಾನದ ರಾವೆನ್ನದ ಚರಿತ್ರಕಾರ ಆಗ್ನೆಲ್ಲಸನು ಬರೆದಿಟ್ಟಿದ್ದಾನೆ.

ಈ ಕೆಲಸದ ಕ್ರಮವನ್ನು ತಿಳಿಯದೆ ಅದರ ಪ್ರಭಾವವನ್ನು ಅಳೆಯಲಾಗದು. ಗೋಡೆಯ ಮೇಲೆ ಗಾರೆಯನ್ನು ಪದರಪದರವಾಗಿ ಬಳಿಯುತ್ತಾರೆ. ಕೊನೆಯ ಪದರವನ್ನು ಮಾತ್ರ ಗೋಡೆಯ ತುಂಬ ಬಳಿಯುವುದಿಲ್ಲ. ಅದು ಆರುವುದರೊಳಗಾಗಿ ಎಷ್ಟು ಜಾಗದಲ್ಲಿ ಹರಳು ಕೂಡಿಸಲಾದೀತೋ ಅಷ್ಟಕ್ಕೇ ಬಳಿದು, ಹಸಿಗಾರೆಯಲ್ಲಿ ಒಂದೊಂದಾಗಿ ಹರಳನ್ನು ಬೆರಳಿನಿಂದ ಒತ್ತುತ್ತ ಹೋಗುತ್ತಾರೆ. ಹೊನ್ನಿನ ಹರಳನ್ನು ಮಾಡುವ ರೀತಿ ಬೇರೆ. ಗಾಜಿನ ಮೇಲೆ ಚಿನ್ನದ ರೇಕನ್ನು ಹಾಸಿ, ಅದರ ಮೇಲೆ ಗಾಜಿನ ತೆಳುಪೊರೆಯನ್ನು ಹೊದಿಸಿ, ಬೆಂಕಿಯಲ್ಲಿ ಬೆಸೆದು ಆಮೇಲೆ ತುಂಡರಿಸುತ್ತಾರೆ. ಆದುದರಿಂದಲೇ ಒಂದೂವರೆ ಸಾವಿರ ವರ್ಷಗಳಾದರೂ ಚಿನ್ನವು ಮಾಸಿಲ್ಲ. ಇನ್ನೂ ಮುಖ್ಯವಾದುದೊಂದಿದೆ. ಈ ಹರಳುಗಳೆಲ್ಲ ಒಂದೇ ಮಟ್ಟದಲ್ಲಿ ಕುಳಿತಿಲ್ಲ. ಒಂದು ತುಸು ಮುಂದಕ್ಕೆ ಬಾಗಿದೆ, ಮತ್ತೊಂದು ಪಕ್ಕಕ್ಕೆ ಓರೆಯಾಗಿದೆ. ಕಿಟಕಿಯ ಬೆಳಕಾಗಲಿ ದೀಪದ ಬೆಳಕಾಗಲಿ ಒಂದೊಂದು ಹರಳಿನಿಂದ ಒಂದೊಂದು ದಿಕ್ಕಿಗೆ ಚಿಮ್ಮುತ್ತದೆ. ನೋಡುವವನು ಒಂದು ಹೆಜ್ಜೆ ಸರಿದರೆ ಗೋಡೆಯೂ ಅವನೊಡನೆ ಅಲುಗಿದಂತಾಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬಳಕೆಗೆ ಬಂದ ಇನ್ನೊಂದು ಪದ್ಧತಿಯಲ್ಲಿ ಹರಳುಗಳನ್ನು ಕಾರ್ಯಾಗಾರದಲ್ಲಿ ಕಾಗದದ ಮೇಲೆ ತಲೆಕೆಳಗಾಗಿ ಅಂಟಿಸಿ, ಆಮೇಲೆ ಗೋಡೆಗೆ ಒತ್ತಿ ಕಾಗದವನ್ನು ಕಿತ್ತುಹಾಕುತ್ತಾರೆ. ಅದರಿಂದ ಕೆಲಸ ಬೇಗ ಸಾಗುತ್ತದೆ, ಮೈ ಸಪಾಟಾಗುತ್ತದೆ, ಬೆಳಕು ಸಾಯುತ್ತದೆ. ಹರಳಿನ ಓರೆಯನ್ನು ನಿರ್ಣಯಿಸುವವನು ಚಿತ್ರ ಬರೆದುಕೊಟ್ಟವನಲ್ಲ, ಹರಳನ್ನು ಒತ್ತುವವನು ಎಂಬುದನ್ನು ಇಲ್ಲಿಯೇ ಗುರುತಿಸಿಕೊಂಡಿರಬೇಕು.

ಸಾಂತ್ ಅಪೊಲಿನಾರೆ ನುವೋವೋ ಎಂಬ ಥಿಯೋಡೊರಿಕನ ದೇವಾಲಯದಲ್ಲಿ ಒಂದು ವಿಚಿತ್ರವಿದೆ. ಅವನ ಅರಮನೆಯನ್ನು ಚಿತ್ರಿಸಿದ ಭಾಗದಲ್ಲಿ ಕಂಬಗಳ ನಡುವೆ ಮೊದಲು ಮನುಷ್ಯಾಕೃತಿಗಳಿದ್ದವು. ಗಾಥರ ಆಳಿಕೆ ಮುಗಿದಮೇಲೆ 561ರ ಸುಮಾರಿಗೆ ಅವುಗಳನ್ನು ಕಿತ್ತು ಅಲ್ಲಲ್ಲಿ ಪರದೆಗಳನ್ನು ಕೂಡಿಸಿದರು. ಕಿತ್ತವರು ಕಂಬಗಳ ಗೊಡವೆಗೆ ಹೋಗಲಿಲ್ಲ. ಆದಕಾರಣ ಅಳಿದುಹೋದವರ ಕೆಲವು ಕೈಗಳು ಇಂದಿಗೂ ಬಿಳಿಯ ಕಂಬಗಳ ಮೇಲೆ ಉಳಿದುಕೊಂಡಿವೆ. ಮುಖವಿಲ್ಲದ ಆ ಕೈಗಳನ್ನು ನೋಡಿದವರು ಮರೆಯುವುದಿಲ್ಲ.

ಇಂಥ ಊರಿಗೆ ಹೋದ ಕ್ಲಿಮ್ಟನು ಬರಿಗಣ್ಣಿನವನಾಗಿ ಹೋದವನಲ್ಲ. ಅವನು 1862ರಲ್ಲಿ ವಿಯೆನ್ನಾದ ಹೊರವಲಯದ ಬೌಮ್‌ಗಾರ್ಟನ್ನಿನಲ್ಲಿ ಹುಟ್ಟಿದನು. ತಂದೆ ಅರ್ನ್ಸ್ಟನು ಬೊಹೀಮಿಯದಿಂದ ಬಂದ ಚಿನ್ನದ ಕೆತ್ತನೆಗಾರ. ತಮ್ಮ ಗೇಯೊರ್ಗನೂ ಲೋಹದ ಕೆಲಸದವನೇ. ಹೊನ್ನಿನ ಹಾಳೆ, ಕೆತ್ತುಳಿ, ಉಜ್ಜುವ ಸದ್ದು ಇವು ಅವನಿಗೆ ಮನೆಯ ಪರಿಚಯ. 1876ರಿಂದ 1883ರ ವರೆಗೆ ಅವನು ಓದಿದುದು ಲಲಿತಕಲೆಗಳ ಅಕಾಡೆಮಿಯಲ್ಲಲ್ಲ, ಕರಕುಶಲಕಲೆಗಳ ಶಾಲೆಯಲ್ಲಿ. ಅಂಥ ಶಾಲೆಯಲ್ಲಿ ಚಿತ್ರವೆಂಬುದು ಕಟ್ಟಡದ ಅಂಗ. ಅಲ್ಲಿ ಕಲಿತವರಿಗೆ ಗೋಡೆಯ ಅಳತೆಯನ್ನು ಮರೆತು ಬರೆಯುವ ಅಭ್ಯಾಸ ಬರುವುದಿಲ್ಲ.

ಚಿನ್ನದ ವಿಷಯದಲ್ಲಿ ಕಾಲನಿರ್ಣಯಕ್ಕೆ ತೊಡಕೇನೂ ಇಲ್ಲ. 1898ರ ಪಲ್ಲಾಸ್ ಅಥೀನೆಯ ಚಿತ್ರದಲ್ಲಿ ದೇವಿಯ ಕವಚವು ಹೊನ್ನಿನದು. 1901ರ ಯೂದಿತ್ ಚಿತ್ರದಲ್ಲಿ ಚಿನ್ನದ ರೇಕು ಹಿನ್ನೆಲೆಯನ್ನೇ ಆಕ್ರಮಿಸಿದೆ. ಅದರ ಲೋಹದ ಚೌಕಟ್ಟನ್ನು ಮಾಡಿದವನು ತಮ್ಮ ಗೇಯೊರ್ಗನು. 1902ರಲ್ಲಿ ಬೇಥೋವನನ ಗೌರವಾರ್ಥವಾಗಿ ಗೋಡೆಗಳ ಮೇಲ್ಭಾಗದಲ್ಲಿ ಬರೆದ ಉದ್ದನೆಯ ಪಟ್ಟಿಕಾಚಿತ್ರದಲ್ಲಿ ಬಣ್ಣದೊಡನೆ ಚಿನ್ನ, ಗಾಜು, ಮುತ್ತಿನ ಚಿಪ್ಪುಗಳನ್ನೂ ಗಾರೆಯಲ್ಲಿ ಕೂಡಿಸಿದನು. ಇವೆಲ್ಲವೂ ರಾವೆನ್ನದ ಯಾತ್ರೆಗಿಂತ ಹಿಂದಿನವು. ಹೀಗಿರಲು ರಾವೆನ್ನವು ಅವನಿಗೆ ಚಿನ್ನವನ್ನು ಕೊಟ್ಟಿತೆಂಬ ಮಾತನ್ನು ಒಪ್ಪುವುದು ಹೇಗೆ? ಕೈಯಲ್ಲಿ ಆಗಲೇ ಇದ್ದ ಚಿನ್ನದಿಂದ ಏನು ಮಾಡಬಹುದೆಂಬುದನ್ನು ತೋರಿಸಿಕೊಟ್ಟಿತೆಂದರೆ ಸರಿಯಾದೀತು.

ಇನ್ನೊಂದು ಕಾರಣವನ್ನು ಚಿತ್ರಕಾರರ ಜೀವನಚರಿತ್ರೆಗಳು ಹಗುರವಾಗಿ ದಾಟಿಬಿಡುತ್ತವೆ. ಪಂಡಿತರ ಕೆಲಸವು ಕಲೆಗೆ ನೆರವಾಗುವ ಸಂದರ್ಭಗಳು ಅಪರೂಪವಾದ್ದರಿಂದ ಅದನ್ನು ಇಲ್ಲಿ ಬಿಡಲಾಗದು. ರೋಮಿನ ಕಡೆಗಾಲದ ಕಲೆಯು ಗ್ರೀಕರ ಸೌಷ್ಠವವನ್ನು ಕಳೆದುಕೊಂಡ ಅವನತಿಯ ಕಲೆಯೆಂದು ಬಹುಕಾಲ ಎಣಿಸಲಾಗಿತ್ತು. ವಿಯೆನ್ನಾ ವಿಶ್ವವಿದ್ಯಾಲಯದ ಇಬ್ಬರು ವಿದ್ವಾಂಸರು ಈ ಎಣಿಕೆಯನ್ನು ಬುಡಮೇಲು ಮಾಡಿದರು. ಫ್ರಾಂಟ್ಸ್ ವಿಕ್‌ಹಾಫನು 1895ರಲ್ಲಿ ಹಳೆಯ ಸಚಿತ್ರ ಹಸ್ತಪ್ರತಿಯೊಂದನ್ನು ಪ್ರಕಟಿಸುತ್ತ, ಅಲೋಯ್ಸ್ ರೀಗಲನು 1901ರಲ್ಲಿ ಕಡೆಗಾಲದ ರೋಮಿನ ಕಲೆ ಮತ್ತು ಕೈಗೆಲಸವನ್ನು ಕುರಿತ ಗ್ರಂಥದಲ್ಲಿ, ಆ ಕಾಲದವರು ಬೇರೆ ಬಗೆಯದನ್ನು ಬಯಸಿದರಲ್ಲದೆ ಹಳೆಯದನ್ನು ಮಾಡಲು ಶಕ್ತಿಸಾಲದವರಾಗಿರಲಿಲ್ಲವೆಂದು ಪ್ರತಿಪಾದಿಸಿದರು. ರೀಗಲನು ಬಕ್ಕಲು, ಆಭರಣಗಳಂಥ ಸಣ್ಣ ವಸ್ತುಗಳನ್ನೂ ಪ್ರತಿಮೆಗಳಷ್ಟೇ ಗೌರವದಿಂದ ಪರೀಕ್ಷಿಸಿದನು. ಇದೇ ವಿಕ್‌ಹಾಫನು ಕ್ಲಿಮ್ಟನ ಪರವಾಗಿಯೂ ನಿಂತವನು. ವಿಶ್ವವಿದ್ಯಾಲಯದ ಸಭಾಂಗಣಕ್ಕಾಗಿ ಕ್ಲಿಮ್ಟನು ಬರೆದ ತತ್ತ್ವಶಾಸ್ತ್ರದ ಚಿತ್ರವನ್ನು 1900ರಲ್ಲಿ ಪ್ರದರ್ಶಿಸಿದಾಗ 87 ಮಂದಿ ಅಧ್ಯಾಪಕರು ಅದನ್ನು ವಿರೋಧಿಸಿ ಸಹಿ ಮಾಡಿದರು. ವಿಕ್‌ಹಾಫನು ಅದೇ ವರ್ಷ ಕುರೂಪವೆಂದರೆ ಯಾವುದು ಎಂಬ ವಿಷಯದಲ್ಲಿ ಉಪನ್ಯಾಸಮಾಡಿ ಅವರಿಗೆ ಉತ್ತರ ಕೊಟ್ಟನು. ವಿವಾದವು ಅಡಗಲಿಲ್ಲ. 1905ರಲ್ಲಿ ಕ್ಲಿಮ್ಟನು ಪಡೆದ ಹಣವನ್ನು ಹಿಂದಿರುಗಿಸಿ ಚಿತ್ರಗಳನ್ನು ಹಿಂದಕ್ಕೆ ಪಡೆದನು. ಸರಕಾರದ ಕೆಲಸವನ್ನು ಮತ್ತೆ ಕೈಕೊಳ್ಳಲಿಲ್ಲ. ಸಮಾಧಾನದ ಸ್ಥಳವೊಂದು ಅವನಿಗೆ ಏಕೆ ಬೇಕಾಗಿದ್ದಿತೆಂಬುದು ಇದರಿಂದ ತಿಳಿಯುತ್ತದೆ.

ಆ ಸ್ಥಳವು ಆಸ್ಟ್ರಿಯಾದ ಆಟರ್‌ಸೀ ಎಂಬ ಸರೋವರ. 1900ರಿಂದ 1916ರ ವರೆಗೆ ಬಹುಮಟ್ಟಿಗೆ ಪ್ರತಿ ಬೇಸಗೆಯಲ್ಲಿಯೂ ಅವನು ಫ್ಲೋಗೆ ಎಂಬ ಮನೆತನದವರೊಡನೆ ಅದರ ದಡಕ್ಕೆ ಹೋಗಿ ಇರುತ್ತಿದ್ದನು. ಮೊದಲು ಲಿಟ್ಸಲ್‌ಬರ್ಗಿನಲ್ಲಿ, ಬಳಿಕ ಕಾಮರಿನ ಬಳಿ, ಕಡೆಗೆ ವೈಸೆನ್‌ಬಾಖಿನಲ್ಲಿ. ಆ ಮನೆತನದ ಹೆಲೆನೆಯು ಅವನ ತೀರಿಹೋದ ತಮ್ಮ ಅರ್ನ್ಸ್ಟನ ಹೆಂಡತಿ. ಆಕೆಯ ತಂಗಿ ಎಮಿಲಿಯು ವಿಯೆನ್ನಾದಲ್ಲಿ ಉಡುಪುಗಳ ಅಂಗಡಿಯನ್ನು ನಡೆಸಿ ಹೆಸರಾದವಳು, ಕ್ಲಿಮ್ಟನ ಜೀವಮಾನದ ಸಂಗಾತಿ. 1903ರ ಬೇಸಗೆಯ ಒಂದು ಪತ್ರದಲ್ಲಿ ಅವನು ತನ್ನ ದಿನಚರಿಯನ್ನು ತಿಳಿಸಿದ್ದಾನೆ. ಬೆಳಿಗ್ಗೆ ಆರರ ಸುಮಾರಿಗೆ ಏಳುವುದು, ಹವೆ ಚೆನ್ನಾಗಿದ್ದರೆ ಹತ್ತಿರದ ಕಾಡಿಗೆ ಹೋಗಿ ಎಂಟರ ವರೆಗೆ ಮರಗಳನ್ನು ಬರೆಯುವುದು, ಉಪಾಹಾರ, ಸರೋವರದ ಸ್ನಾನ, ಮತ್ತೆ ಸ್ವಲ್ಪ ಚಿತ್ರ, ಅಥವಾ ಜಪಾನಿನ ಚಿತ್ರಪುಸ್ತಕಗಳನ್ನು ಬಯಲಿನಲ್ಲಿ ಕುಳಿತು ನೋಡುವುದು, ಊಟವಾದಮೇಲೆ ನಿದ್ರೆ ಇಲ್ಲವೆ ಓದು, ಸಾಯಂಕಾಲ ಕಾಫಿಯಾದ ನಂತರ ಪುನಃ ಚಿತ್ರ, ಬೇಗ ಮಲಗುವುದು. ಉದ್ದನೆಯ ಅಂಗಿ ತೊಟ್ಟು ಕಾಡಿನಲ್ಲಿ ಅಲೆಯುತ್ತಿದ್ದ ಅವನಿಗೆ ಅಲ್ಲಿಯ ಜನರು ಕಾಡಿನ ಭೂತವೆಂದು ಹೆಸರಿಟ್ಟಿದ್ದರು.

ಈ ಪತ್ರವನ್ನು ಓದಿದ ಸಂಸ್ಕೃತಜ್ಞರಿಗೆ ರಾಜಶೇಖರನ ಕಾವ್ಯಮೀಮಾಂಸೆಯ ಹತ್ತನೆಯ ಅಧ್ಯಾಯವು ನೆನಪಿಗೆ ಬಾರದಿರದು. ಕವಿಯ ಮನೆ ಹೇಗಿರಬೇಕು, ಅದರ ಸುತ್ತ ಎಂಥ ತೋಟವೂ ಕೊಳವೂ ಇರಬೇಕು, ಹಗಲಿನ ಯಾವ ಯಾಮದಲ್ಲಿ ಓದಬೇಕು, ಯಾವುದರಲ್ಲಿ ರಚಿಸಬೇಕು, ಯಾವುದರಲ್ಲಿ ಬೆಳಗಿನ ರಚನೆಯನ್ನು ಪರೀಕ್ಷಿಸಬೇಕು ಎಂದು ಆ ಹತ್ತನೆಯ ಶತಮಾನದ ಆಚಾರ್ಯನು ವಿಧಿಸಿದ್ದಾನೆ. ಇಬ್ಬರಿಗೂ ಏನೂ ಸಂಬಂಧವಿಲ್ಲ. ಹೋಲಿಕೆಯಿಂದ ಪ್ರಭಾವವನ್ನು ಊಹಿಸುವುದು ಮಕ್ಕಳಾಟ. ಆದರೆ ಏಕಾಂತವೆಂದರೆ ಸುಮ್ಮನಿರುವಿಕೆಯಲ್ಲ, ನಿಯಮದ ಕಟ್ಟು ಎಂಬುದನ್ನು ಇಬ್ಬರೂ ಬಲ್ಲವರಾಗಿದ್ದರು. ರಾಜಶೇಖರನು ಕವಿಯ ಬಳಿಯಲ್ಲಿ ನಾನಾ ಲಿಪಿಗಳನ್ನು ಬಲ್ಲ ಲೇಖಕನಿರಬೇಕೆಂದು ಹೇಳಿರುವುದನ್ನೂ ಮರೆಯಬಾರದು. ಅವನ ಮತದಂತೆ ಕವಿಯ ಏಕಾಂತದಲ್ಲಿ ಇನ್ನೊಬ್ಬನ ಕೈಗೆ ಎಡೆಯಿದೆ.

ಸರೋವರದ ದಡದಲ್ಲಿ ಅವನು ಬರೆದವು ಸ್ಥಳಚಿತ್ರಗಳು. ಅವುಗಳಲ್ಲಿ ಮನುಷ್ಯರಿಲ್ಲ, ಚಿನ್ನವೂ ಇಲ್ಲ. ಹಾಗಾದರೆ ಈ ವಿಷಯಕ್ಕೆ ಅವುಗಳಿಂದ ಏನು ಪ್ರಯೋಜನವೆಂದು ಕೇಳಬಹುದು. ಉತ್ತರವು ಚಿತ್ರದ ಮೈಯಲ್ಲಿದೆ. 1902ರ ಬೀಚ್ ಮರಗಳ ಕಾಡಿನ ಚಿತ್ರದಲ್ಲಿ ನೆಲದ ಮೇಲೆ ಉದುರಿದ ಎಲೆಗಳೆಲ್ಲ ಬಿಡಿಬಿಡಿ ಬಣ್ಣದ ಚುಕ್ಕೆಗಳು. ಒಂದರೊಡನೊಂದು ಕಲಸಿಹೋಗದೆ ಅಕ್ಕಪಕ್ಕದಲ್ಲಿ ಕುಳಿತಿವೆ. ಪಟವು ಉದ್ದಗಲ ಸಮನಾದ ಚೌಕ. ದೃಶ್ಯವನ್ನು ಆರಿಸಲು ರಟ್ಟಿನಲ್ಲಿ ಚೌಕದ ಕಂಡಿಯನ್ನು ಕತ್ತರಿಸಿಕೊಂಡು ಅದರ ಮೂಲಕ ನೋಡುತ್ತಿದ್ದನು. ಆಕಾಶವು ಪಟದ ಮೇಲ್ತುದಿಗೆ ಸರಿದು, ದೂರ ಹತ್ತಿರಗಳ ಭೇದವು ಅಳಿದು, ಕಾಡು ಒಂದು ಜಮಖಾನೆಯಂತೆ ಎದ್ದುನಿಲ್ಲುತ್ತದೆ. ಹರಳನ್ನು ಮುಟ್ಟುವುದಕ್ಕೆ ಮೊದಲೇ ಅವನು ಹರಳಿನ ನ್ಯಾಯವನ್ನು ಕುಂಚದಿಂದ ಅಭ್ಯಾಸಮಾಡಿಕೊಂಡಿದ್ದನೆಂದು ಇದರಿಂದ ತೋರುತ್ತದೆ.

1903ರಲ್ಲಿ ಅವನು ರಾವೆನ್ನಕ್ಕೆ ಹೋದದ್ದು ಒಂದು ಸಲವಲ್ಲ, ಎರಡು ಸಲ. ಮೇ ತಿಂಗಳಿನಲ್ಲಿ ಒಮ್ಮೆ, ಡಿಸೆಂಬರಿನಲ್ಲಿ ಮತ್ತೊಮ್ಮೆ. ನಡುವೆ ಬಂದದ್ದು ಮೇಲೆ ಹೇಳಿದ ಬೇಸಗೆ. ಒಮ್ಮೆ ನೋಡಿ, ಕಾಡಿನ ಮೌನದಲ್ಲಿ ಅದನ್ನು ಅರಗಿಸಿಕೊಂಡು, ಪುನಃ ನೋಡಲು ಹೋದದ್ದು ಗಮನಾರ್ಹವಾಗಿದೆ. ಮಿಂಚಿನ ಕಥೆಗೆ ಎರಡನೆಯ ಯಾತ್ರೆಯ ಅಗತ್ಯವೇ ಇರುತ್ತಿರಲಿಲ್ಲ. ಡಿಸೆಂಬರಿನಲ್ಲಿ ಎಮಿಲಿಗೆ ಬರೆದ ಅಂಚೆಕಾರ್ಡಿನಲ್ಲಿ ಊರಿನ ಬಡತನವನ್ನೂ ಹರಳುಗೆಲಸದ ಅಸಾಧಾರಣ ವೈಭವವನ್ನೂ ಒಂದೇ ಉಸಿರಿನಲ್ಲಿ ತಿಳಿಸಿದ್ದಾನೆ. ಜೊತೆಯಲ್ಲಿದ್ದ ಚಿತ್ರಕಾರ ಮಾಕ್ಸಿಮಿಲಿಯಾನ್ ಲೆಂಟ್ಸನೂ, ಆ ಗೋಡೆಗಳು ಕ್ಲಿಮ್ಟನನ್ನು ಬಲವಾಗಿ ಸೆಳೆದುವೆಂದು ಹೇಳಿದ್ದಾನೆ. ಆ ಗೋಡೆಗಳು ನೋಡತಕ್ಕ ಸ್ಥಿತಿಯಲ್ಲಿದ್ದುದಕ್ಕೆ ರಾವೆನ್ನದವನೇ ಆದ ಕೊರ್ರಾದೊ ರಿಚ್ಚಿಯ ಶ್ರಮವನ್ನೂ ನೆನೆಯಬೇಕು. ಇಟಲಿಯಲ್ಲಿಯೇ ಮೊದಲನೆಯದಾದ ಪ್ರಾಚೀನ ಸ್ಮಾರಕಗಳ ರಕ್ಷಣೆಯ ಕಚೇರಿಯು 1897ರಲ್ಲಿ ಆ ಊರಿನಲ್ಲಿ ಅವನ ಆಡಳಿತದಲ್ಲಿ ಏರ್ಪಟ್ಟಿತು.

ಯಾತ್ರೆಯ ಫಲವಾಗಿ ಜನರು ಎತ್ತಿಹೇಳುವ ಚಿತ್ರ 1907ರಲ್ಲಿ ಮುಗಿದ ಅಡೆಲೆ ಬ್ಲಾಖ್-ಬೌವರಳ ಭಾವಚಿತ್ರ. ಉದ್ದಗಲ ಎರಡೂ 138 ಸೆಂಟಿಮೀಟರ್. ಸರೋವರದ ಚೌಕವೇ ಇಲ್ಲಿಯೂ ಬಂದಿದೆ. ಮುಖವೂ ಕೈಗಳೂ ಮಾತ್ರ ಜೀವಂತವಾಗಿ ಮೂಡಿ, ಉಡುಪೂ ಹಿನ್ನೆಲೆಯೂ ಒಂದೇ ಹೊನ್ನಿನ ಹಾಸಿನಲ್ಲಿ ಬೆರೆತುಹೋಗಿರುವುದನ್ನು ಕಂಡರೆ ಥಿಯೋಡೋರಳ ನೆನಪು ತಾನಾಗಿ ಬರುತ್ತದೆ. ಮರುವರ್ಷ ಪ್ರದರ್ಶಿತವಾದ ಚುಂಬನದ ಚಿತ್ರವು ಇದಕ್ಕಿಂತ ಪ್ರಸಿದ್ಧ. ಆದರೂ ಇವೆರಡರಲ್ಲಿ ಹರಳುಗೆಲಸದ ತೋರಿಕೆಯಿದೆಯೇ ಹೊರತು ಹರಳುಗೆಲಸವಿಲ್ಲ. ಚಿನ್ನದ ರೇಕನ್ನು ಪಟಕ್ಕೆ ಅಂಟಿಸಿದ್ದಾಗಿದೆ. ರಾವೆನ್ನದ ಹರಳಿನಲ್ಲಿರುವ ಓರೆಯಾಗಲಿ ಗಾಜಿನ ಆಳವಾಗಲಿ ಅದಕ್ಕಿಲ್ಲ. ಉಪಮಾನದ ಧರ್ಮವನ್ನು ಉಪಮೇಯದಲ್ಲಿ ಆರೋಪಿಸಿದೆಯೆಂದು ಆಲಂಕಾರಿಕರ ಮಾತಿನಲ್ಲಿ ಹೇಳಬಹುದು. ಕ್ಲಿಮ್ಟನಿಗೆ ರಾವೆನ್ನವು ನಿಜವಾಗಿ ಏನು ಕಲಿಸಿತೆಂಬುದನ್ನು ನೋಡಬೇಕಾದರೆ ಬ್ರಸೆಲ್ಸ್ ನಗರಕ್ಕೆ ಹೋಗಬೇಕು.

ಅಲ್ಲಿ ಅಡಾಲ್ಫ್ ಸ್ಟೊಕ್ಲೆ ಎಂಬ ಧನಿಕನು ವಿಯೆನ್ನಾದ ವಾಸ್ತುಶಿಲ್ಪಿ ಯೋಸೆಫ್ ಹಾಫ್‌ಮನ್ನನಿಂದ 1905ರಿಂದ 1911ರ ವರೆಗೆ ಒಂದು ಭವನವನ್ನು ಕಟ್ಟಿಸಿದನು. ಅದರ ಭೋಜನಶಾಲೆಯ ಗೋಡೆಗಳಿಗೆ ಚಿತ್ರವನ್ನು ಯೋಜಿಸುವ ಕೆಲಸ ಕ್ಲಿಮ್ಟನಿಗೆ ಬಂದಿತು. ಎರಡು ಉದ್ದ ಗೋಡೆಗಳಲ್ಲಿಯೂ ಸುರುಳಿಸುರುಳಿಯಾಗಿ ಕೊಂಬೆಗಳನ್ನು ಹರಡಿದ ಜೀವನವೃಕ್ಷ. ಒಂದರಲ್ಲಿ ನಿರೀಕ್ಷೆಯೆಂಬ ಹೆಸರಿನ ನರ್ತಕಿ, ಇದಿರಿಗೆ ನೆರವೇರಿಕೆಯೆಂಬ ಹೆಸರಿನ ಆಲಿಂಗಿತ ದಂಪತಿಗಳು. ಕಿರುಗೋಡೆಯಲ್ಲಿ ಆಕೃತಿಯೇ ಕಾಣದಂತೆ ಬರಿಯ ಚೌಕಗಳಿಂದಲೂ ಪಟ್ಟೆಗಳಿಂದಲೂ ಆದ ಒಂದು ಫಲಕ. ಇದು ಬಣ್ಣದ ಚಿತ್ರವಲ್ಲ. ಬಿಳಿಯ ಅಮೃತಶಿಲೆಯ ಹಲಗೆಗಳಲ್ಲಿ ಗಾಜು, ಚಿನ್ನದ ಹರಳು, ಲೋಹದ ತಗಡು, ಎನಾಮೆಲ್, ಮೆರುಗಿನ ಮಣ್ಣಿನ ಬಿಲ್ಲೆ, ಬೆಲೆಯುಳ್ಳ ಕಲ್ಲುಗಳು ಇವುಗಳನ್ನು ಕೂಡಿಸಿ ಮಾಡಿದ್ದು. ರಾವೆನ್ನದಲ್ಲಿ ಅಂಗೈಯಗಲದ ಗೋಡೆಯೂ ಬರಿದಾಗಿ ಉಳಿದಿಲ್ಲ. ಇಲ್ಲಿ ಬಿಳಿಯ ಕಲ್ಲನ್ನು ಹಾಗೆಯೇ ಬಿಟ್ಟು, ವೃಕ್ಷವೂ ಆಕೃತಿಗಳೂ ಇರುವಲ್ಲಿ ಮಾತ್ರ ಹರಳು ತುಂಬಿದೆ. ಅನುಕರಣವಾಗಿದ್ದರೆ ಗೋಡೆಯೆಲ್ಲ ಹೊನ್ನಾಗುತ್ತಿದ್ದಿತು. ಊಟದ ಕೋಣೆಯು ದೇವಾಲಯವಲ್ಲವೆಂಬ ವಿವೇಕವು ಅವನಲ್ಲಿ ಇದ್ದಿತು.

ಇದಕ್ಕಾಗಿ ಅವನು ಕಾಗದದ ಮೇಲೆ ಬರೆದ ಪೂರ್ಣಪ್ರಮಾಣದ ಮಾದರಿಗಳು ವಿಯೆನ್ನಾದ ಅನ್ವಿತಕಲೆಗಳ ವಸ್ತುಸಂಗ್ರಹಾಲಯದಲ್ಲಿವೆ, ಒಂಬತ್ತು ಹಾಳೆಗಳು. ಅವುಗಳ ಮೇಲೆ ಕ್ಲಿಮ್ಟನ ಕೈಬರಹದಲ್ಲಿ ಸೂಚನೆಗಳಿವೆ: ಯಾವ ಭಾಗವು ಹರಳಿನದಾಗಬೇಕು, ಯಾವುದು ಲೋಹದ್ದು, ಯಾವುದು ಎನಾಮೆಲಿನದು ಎಂಬಿವೇ ಮೊದಲಾದವು. ಈ ಬರಹಗಳು ಚಿತ್ರಕ್ಕಿಂತ ಕಡಿಮೆ ಬೆಲೆಯವಲ್ಲ. ಚಿತ್ರಕಾರನು ತನ್ನ ಕೈ ಎಲ್ಲಿ ಮುಗಿಯುವುದೆಂಬುದನ್ನು ತಾನೇ ಗುರುತಿಸಿಟ್ಟ ದಾಖಲೆಗಳವು. ಗಾಜಿನ ಹರಳುಗಳ ಕೆಲಸವನ್ನು ನಡೆಸಿದವನು ಲಿಯೊಪೋಲ್ಡ್ ಫಾರ್ಸ್ಟ್‌ನರ್. 1878ರಲ್ಲಿ ಉತ್ತರ ಆಸ್ಟ್ರಿಯಾದಲ್ಲಿ ಹುಟ್ಟಿ, ಇನ್ಸ್‌ಬ್ರುಕ್ಕಿನ ಗಾಜುಚಿತ್ರ ಮತ್ತು ಹರಳುಗೆಲಸದ ಸಂಸ್ಥೆಯಲ್ಲಿ ತರಬೇತಾಗಿ, ವಿಯೆನ್ನಾದ ಕರಕುಶಲಶಾಲೆಯಲ್ಲಿಯೂ ಕಲಿತು, ತನ್ನದೇ ಹರಳುಗೆಲಸದ ಕಾರ್ಯಾಗಾರವನ್ನು ಸ್ಥಾಪಿಸಿಕೊಂಡವನು. ಓಟೋ ವಾಗ್ನರನು ಕಟ್ಟಿದ ಸ್ಟೈನ್‌ಹಾಫ್ ದೇವಾಲಯದ ಹರಳುಗೆಲಸದಲ್ಲಿಯೂ ಇವನ ಕೈಯಿದೆ. ಮಣ್ಣಿನ ಬಿಲ್ಲೆಗಳು ಪೊವೊಲ್ನಿ ಮತ್ತು ಲೋಫ್ಲರ್ ಇವರ ಕುಂಬಾರಶಾಲೆಯಿಂದ ಬಂದವು. ಲೋಹದ ಭಾಗಗಳನ್ನು ಹಾಫ್‌ಮನ್ನನೂ ಗೆಳೆಯರೂ 1903ರಲ್ಲಿ ಆರಂಭಿಸಿದ ವಿಯೆನ್ನಾ ಕಾರ್ಯಾಗಾರವು ಒದಗಿಸಿತು. ಕಲ್ಲು ಕೊರೆದವರು, ತಗಡು ಬಡಿದವರು, ಹರಳು ಒತ್ತಿದವರು ಬಹುಮಂದಿ. ಹಲಗೆಗಳನ್ನು ವಿಯೆನ್ನಾದಲ್ಲಿಯೇ ಸಿದ್ಧಪಡಿಸಿ ಬ್ರಸೆಲ್ಸಿಗೆ ಸಾಗಿಸಿ 1911ರಲ್ಲಿ ಗೋಡೆಗೆ ನಿಲ್ಲಿಸಿದರು.

ಕೃತಿಯು ಯಾರದು? ಚರಿತ್ರೆಗಳೆಲ್ಲ ಕ್ಲಿಮ್ಟನದೆಂದು ಬರೆಯುತ್ತವೆ. ಅದು ತಪ್ಪೂ ಅಲ್ಲ. ಯೋಜನೆ ಅವನದು, ರೇಖೆ ಅವನದು, ವಸ್ತುಗಳ ಆಯ್ಕೆಯೂ ಬಹುಪಾಲು ಅವನದೇ. ಆದರೆ ಗಾಜಿನ ಒಂದು ತುಂಡು ಎತ್ತ ಬಾಗಿ ಕುಳಿತರೆ ನರ್ತಕಿಯ ಉಡುಪು ಮಿನುಗೀತೆಂಬುದನ್ನು ಕಾಗದವು ಹೇಳಲಾರದು. ಅದು ಫಾರ್ಸ್ಟ್‌ನರನೂ ಅವನ ಕೆಲಸಗಾರರೂ ಬೆರಳಿನಿಂದ ನಿರ್ಣಯಿಸಿದ್ದು. ಕೈಗೆಲಸದವನು ಹೇಳಿದ್ದನ್ನು ಮಾಡುವ ಯಂತ್ರವೆಂಬ ಭಾವನೆ ಆಧುನಿಕ ವಿಮರ್ಶಕರಲ್ಲಿ ಬೇರೂರಿದೆ. ಕಾರುವನ್ನೂ ಕವಿಯನ್ನೂ ಬೇರೆಬೇರೆ ಪಂಕ್ತಿಯಲ್ಲಿ ಕೂಡಿಸುವ ಅಭ್ಯಾಸವು ಭಾರತದ ಪಂಡಿತರಲ್ಲಿಯೂ ಇಲ್ಲವೆನ್ನಲಾಗದು. ಮಮ್ಮಟನು ಕಾವ್ಯದ ಕಾರಣವನ್ನು ಹೇಳುವಾಗ ಶಕ್ತಿ, ನಿಪುಣತೆ, ಬಲ್ಲವರಿಂದ ಕಲಿತ ಅಭ್ಯಾಸ ಎಂಬ ಮೂರನ್ನು ಎಣಿಸಿ, ಇವು ಮೂರು ಕಾರಣಗಳಲ್ಲ, ಕೂಡಿ ಒಂದೇ ಕಾರಣವೆಂದು ಸ್ಪಷ್ಟಪಡಿಸಿದ್ದಾನೆ. ಅವನು ಮೂರನ್ನೂ ಒಬ್ಬನೇ ಕವಿಯಲ್ಲಿಟ್ಟನು. ಭೋಜನಶಾಲೆಯ ಗೋಡೆಯಲ್ಲಿ ಆ ಮೂರೂ ಹಲವರಲ್ಲಿ ಹಂಚಿಹೋಗಿವೆ. ಶಕ್ತಿಯು ಸರೋವರದ ಏಕಾಂತದಲ್ಲಿ ಪಕ್ವವಾಯಿತು. ನಿಪುಣತೆಗೆ ರಾವೆನ್ನದ ಗೋಡೆಗಳೂ ರೀಗಲನ ಗ್ರಂಥದಂಥವೂ ಬೇಕಾದುವು. ಅಭ್ಯಾಸವು ಇನ್ಸ್‌ಬ್ರುಕ್ಕಿನ ಶಾಲೆಯಿಂದ ಬಂದಿತು. ಲಕ್ಷಣವು ಇಷ್ಟು ವಿಸ್ತಾರವನ್ನು ತಾಳೀತೇ ಎಂಬುದು ಶಾಸ್ತ್ರಜ್ಞರು ಚರ್ಚಿಸತಕ್ಕ ವಿಷಯ; ತಾಳದಿದ್ದರೆ ಕೊರತೆಯು ಗೋಡೆಯದಲ್ಲ.

ಈ ಕೃತಿಗಳ ಮುಂದಿನ ಗತಿ ಒಂದೇ ತೆರನಾಗಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ, 1916ರ ಫೆಬ್ರವರಿಯಲ್ಲಿ, ಕ್ಲಿಮ್ಟನ ದೇಶದ ವಿಮಾನಗಳೇ ರಾವೆನ್ನದ ಮೇಲೆ ಬಾಂಬು ಹಾಕಿದುವು. ಸಾಂತ್ ಅಪೊಲಿನಾರೆ ನುವೋವೋ ದೇವಾಲಯಕ್ಕೆ ಪೆಟ್ಟುಬಿದ್ದಿತು. ಎರಡು ವರ್ಷಗಳ ಬಳಿಕ, 1918ರ ಫೆಬ್ರವರಿ 6ರಂದು ಕ್ಲಿಮ್ಟನು ತೀರಿಕೊಂಡನು. ವಿಶ್ವವಿದ್ಯಾಲಯದವರು ಬೇಡವೆಂದ ಚಿತ್ರಗಳು 1945ರಲ್ಲಿ ಇಮ್ಮೆಂಡಾರ್ಫ್ ಕೋಟೆಯಲ್ಲಿ ಬೆಂಕಿಗೆ ಆಹುತಿಯಾದುವು. ಅಡೆಲೆಯ ಭಾವಚಿತ್ರವನ್ನು ನಾಜಿಗಳು ಮನೆಯವರಿಂದ ಕಿತ್ತುಕೊಂಡಿದ್ದರು. ಬಹುದೀರ್ಘ ವ್ಯಾಜ್ಯದ ನಂತರ 2006ರಲ್ಲಿ ಅದು ವಾರಸುದಾರರಿಗೆ ಬಂದು, ಅಲ್ಲಿಂದ ನ್ಯೂಯಾರ್ಕಿನ ಸಂಗ್ರಹಾಲಯವೊಂದನ್ನು ಸೇರಿತು. ರಾವೆನ್ನದ ಎಂಟು ಕಟ್ಟಡಗಳನ್ನು 1996ರಲ್ಲಿಯೂ, ಸ್ಟೊಕ್ಲೆಯ ಭವನವನ್ನು 2009ರಲ್ಲಿಯೂ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಲಾಯಿತು. ಭವನವು ಬಹುಕಾಲ ಒಂದೇ ಮನೆತನದ ವಶದಲ್ಲಿದ್ದು ಸಾರ್ವಜನಿಕರಿಗೆ ಮುಚ್ಚಿಯೇ ಇದ್ದಿತು. ಆದಕಾರಣ ಗೋಡೆಯನ್ನು ಕಣ್ಣಾರೆ ಕಂಡವರಿಗಿಂತ ವಿಯೆನ್ನಾದ ಕಾಗದದ ಮಾದರಿಗಳನ್ನು ಕಂಡವರೇ ಹೆಚ್ಚು. ಫಾರ್ಸ್ಟ್‌ನರನು 1936ರ ವರೆಗೆ ಬದುಕಿದ್ದನು. ಕಾಗದದಲ್ಲಿ ಕಾಣುವುದು ಕ್ಲಿಮ್ಟನ ರೇಖೆ. ಫಾರ್ಸ್ಟ್‌ನರನ ಹರಳುಗಳ ಓರೆಯನ್ನು ನೋಡಬೇಕಾದರೆ ಬ್ರಸೆಲ್ಸಿನ ಗೋಡೆಯ ಮುಂದೆಯೇ ನಿಲ್ಲಬೇಕು.